ಕೋಳಿಗೂ ಲೈಸೆನ್ಸ್ ಬೇಕಾ?

ಕೇಳಿ ಸ್ನೇಹಿತರೇ, ಬೆಳಗ್ಗೆಯಿಂದ ನಗು ತಡೆಯಲು ಆಗುತ್ತಿಲ್ಲ. ಹೆಗ್ಗನಹಳ್ಳಿಯಿಂದ ನಮ್ಮತ್ತೆ ತಂದ ನಾಲ್ಕು ಕೋಳಿಗಳು ಹಿತ್ತಿಲಲ್ಲಿ ಓಡಾಡುವುದನ್ನು ನೋಡಿ, ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನಾಚೆಯಿಂದ ಗುಡುಗಿದರು: "ಇದು ರಾಜಾಜಿನಗರ ಕಣಮ್ಮ! ಸೈಕಲ್‌ಗೆ ಲೈಸೆನ್ಸು, ರೇಡಿಯೋಗೆ ಲೈಸೆನ್ಸು, ಕೋಳಿಗೆ ಬೇಡ್ವಾ? ಕಂಪ್ಲೇಂಟ್ ಕೊಡ್ತೀನಿ, ನೋಡ್ತಿರು."

ಅತ್ತೆಯ ಮುಖ ಸಣ್ಣದಾಯಿತು. ಮರಿಯಿಂದ ಕೈಯಾರೆ ಸಾಕಿದ ಕೋಳಿಗಳು. "ಕೇಳ್ಕೊಂಡೇ ಬಂದ್ಬಿಡೋಣ ನಡಿಯೇ" ಎಂದರು. ಒಂದು ಅರ್ಜಿ ಬರೆದುಕೊಂಡು ಇಬ್ಬರೂ ವಾರ್ಡ್ ಆಫೀಸಿಗೆ ಹೋದೆವು.

ಗುಮಾಸ್ತರು ದಪ್ಪ ರೂಲ್ಸ್ ಪುಸ್ತಕ ತೆಗೆದು, ಬೆರಳಿಟ್ಟು ಓದುತ್ತಾ ಹೋದರು. ಹಸು ಇತ್ತು, ಎಮ್ಮೆ ಇತ್ತು, ಕುದುರೆ, ಹಂದಿ, ನಾಯಿ ಎಲ್ಲ ಇದ್ದವು. ಕೋಳಿ ಮಾತ್ರ ಎಲ್ಲೂ ಸಿಗಲಿಲ್ಲ.

"ಹಾಗಾದ್ರೆ ಸಾಕಬಹುದಾ ಸಾರ್?" ಎಂದೆ.

"ಬೇಡ ಅಂತ ಎಲ್ಲೂ ಬರ್ದಿಲ್ಲಮ್ಮ."

"ಅದನ್ನೇ ಈ ಅರ್ಜಿ ಮೇಲೆ ಬರ್ಕೊಡಿ ಸಾರ್, ಪಕ್ಕದ ಮನೆ ಮೇಷ್ಟ್ರಿಗೆ ತೋರಿಸ್ತೀನಿ."

ಅವರು ಗಾಬರಿಯಿಂದ ಸಾಹೇಬರ ಕೋಣೆಯತ್ತ ನೋಡಿ, ಅರ್ಜಿಯನ್ನು ಮಡಚಿ ನನ್ನ ಕೈಗೇ ತುರುಕಿದರು. "ಇದು ಒಳಗೆ ಹೋದ್ರೆ ಸಾಹೇಬ್ರು ಕೋಳಿಗೂ ಒಂದು ರೂಲ್ಸ್ ಮಾಡಿಸ್ಬಿಡ್ತಾರೆ. ಬೇಡ ತಾಯಿ, ನಮ್ಮನೇಲಿ ಒಂಬತ್ತು ಇದಾವೆ!"

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಸ್‌ಸ್ಟಾಪಿನವರೆಗೂ ನಕ್ಕರು. ಮನೆಗೆ ಬಂದವರೇ ಕಾಂಪೌಂಡಿನ ಬಳಿ ನಿಂತು, "ಪುಸ್ತಕ ನೋಡಿಸ್ಕೊಂಡು ಬಂದ್ವಿ ಮೇಷ್ಟ್ರೇ, ಏನೂ ಅಡ್ಡಿ ಇಲ್ವಂತೆ" ಎಂದು ಕೂಗಿ ಹೇಳಿದರು. ಮೇಷ್ಟ್ರು "ಹೂಂ" ಎಂದು ಒಳಗೆ ಹೋದರು.

ನಮ್ಮ ಕಡೆ ಕೋಳಿ ಸಾಕಬೇಕೆಂದಿರುವವರು ಧೈರ್ಯವಾಗಿ ಸಾಕಿ. ಸಾಕಬಹುದೇ ಎಂದು ಆಫೀಸಿನಲ್ಲಿ ಮಾತ್ರ ಕೇಳಬೇಡಿ.