ಡಿಸ್ಕ್ ಅಂಗಡಿಯ ಮಾವಶಿ

ಅರಿಶಿನ ಹಿಡಿದ ತೋರುಬೆರಳನ್ನು ಡಿಸ್ಕಿನ ತೂತಿಗೆ ತೂರಿಸಿ, ಬಾಗಿಲ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಮಾವಶಿ ಗೀರು ಹುಡುಕುತ್ತಿದ್ದಳು. ಗೋಡೆಯ ಮೇಲೆ ಕಾಮನಬಿಲ್ಲಿನ ಚೂರೊಂದು ಓಡಾಡುತ್ತಿತ್ತು. ಬೆರಳು ನಿಜ, ಗೀರು ನಿಜ. ಅರಿಶಿನವನ್ನು ನನ್ನ ನೆನಪೇ ಆಮೇಲೆ ಹಚ್ಚಿತೋ ಏನೋ, ಖಾತ್ರಿಯಿಲ್ಲ.

ಕಾರವಾರದ ಬಸ್‌ಸ್ಟ್ಯಾಂಡಿನ ಹಿಂದೆ ವಿಡಿಯೊ ಗೇಮಿನ ಡಿಸ್ಕುಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಅವಳದು. ನಮಗೆಲ್ಲ ಅವಳು ಮಾವಶಿ, ಎಂದರೆ ಚಿಕ್ಕಮ್ಮ. ನೌಕಾನೆಲೆಗೆ ಊರು ಬಿಟ್ಟುಕೊಟ್ಟು ತೋಡೂರಿನ ಪುನರ್ವಸತಿ ಕಾಲೋನಿಗೆ ಬಂದ ಮನೆಯವಳು. ಅಂಗಡಿ ತೆರೆದವನು ಗಂಡ. ಅವನು ತೀರಿಹೋದ ಮೇಲೆ ತಾನೇ ಕೂತಳು. ಮನೆ ನಡೆಯುತ್ತಿದ್ದದ್ದು ಅದರಿಂದಲೇ.

ಸ್ವತಃ ಒಂದು ಆಟವನ್ನೂ ಆಡಿದವಳಲ್ಲ. ಆದರೆ ಡಿಸ್ಕ್ ವಾಪಸು ಕೊಡುವಾಗ ಪ್ರತಿಯೊಬ್ಬನನ್ನೂ ಕೇಳುತ್ತಿದ್ದಳು: "ಕಡೆಗೆ ಎಂತ ಆಯ್ತು ತಮಾ?" ರಾಜ ಸತ್ತನೋ ಉಳಿದನೋ ಹೇಳದೆ ಬಿಡುಗಡೆಯಿಲ್ಲ. ಅರ್ಧ ಆಡಿ ಬೇಸತ್ತವರು ಬಾಯಿಗೆ ಬಂದ ಕೊನೆಯನ್ನು ಕಟ್ಟುತ್ತಿದ್ದರು. ಅವಳಿಗೆ ಅದೂ ಬೇಕು. "ನಿನ್ನೆ ಮಲ್ಲಾಪುರದವ ಬಂದಾಗ ಅಂವ ಬದುಕಿದ್ದ. ನಿನ್ನ ಕೈಯಲ್ಲಿ ಸತ್ತ. ಒಳ್ಳೇ ಜನ ನೀನು" ಎನ್ನುತ್ತಿದ್ದಳು.

ನಾನು ಅಂಕೋಲಾದವನು. ಬರಲಾಗದ ವಾರ ಡಿಸ್ಕನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೆ. ಆಟದ ಕೊನೆಯನ್ನು ಫೋನಿನಲ್ಲಿ ಒಪ್ಪಿಸಬೇಕಿತ್ತು.

ಆಗಲೇ ಆ ಸುದ್ದಿ ಬಂದದ್ದು. ಆಟದ ಯಂತ್ರ ತಯಾರಿಸುವ ದೊಡ್ಡ ಕಂಪನಿಯೊಂದು ತನ್ನ ಹೊಸ ಯಂತ್ರಕ್ಕೆ ಕಟ್ಟಳೆ ಹಾಕಿತ್ತು. ಡಿಸ್ಕ್ ಕೊಂಡವನ ಹೆಸರಿಗೇ ಅಂಟಿಕೊಳ್ಳುತ್ತದೆ, ಇನ್ನೊಬ್ಬರಿಗೆ ಕೊಟ್ಟರೆ ನಡೆಯದು. ಯಂತ್ರ ದಿನಾ ಇಂಟರ್ನೆಟ್ಟಿನಲ್ಲಿ ಕಂಪನಿಗೆ ಹಾಜರಿ ಹಾಕಬೇಕು. ನಾನು ಓದಿ ಹೇಳಿದಾಗ ಮಾವಶಿ ಡಿಸ್ಕ್ ಒರೆಸುವುದನ್ನು ನಿಲ್ಲಿಸಲಿಲ್ಲ.

"ಹಂಗಾರೆ ನಾನು ದುಡ್ಡು ಕೊಟ್ಟು ತಕ್ಕೊಂಡದ್ದು ಎಂತದು?"

ಬಾಡಿಗೆಗೆ ಕೊಡಲಾಗದ ಡಿಸ್ಕಿನಿಂದ ಅಂಗಡಿ ಉಳಿಯದು ಎಂಬುದು ಇಬ್ಬರಿಗೂ ಗೊತ್ತಿತ್ತು. ಹೊಸ ಡಿಸ್ಕ್ ತರಿಸುವುದನ್ನು ಅವಳು ಆ ವಾರವೇ ಬಿಟ್ಟಳು.

ಸ್ವಲ್ಪ ದಿನಕ್ಕೇ ಕಂಪನಿ ಮಣಿಯಿತು. ಎಲ್ಲೆಲ್ಲಿನ ಗಿರಾಕಿಗಳೂ ಬೈದು, ಯಂತ್ರ ಕೊಳ್ಳುವುದಿಲ್ಲ ಎಂದ ಮೇಲೆ ಎರಡೂ ಕಟ್ಟಳೆಗಳನ್ನು ಹಿಂತೆಗೆದುಕೊಂಡಿತು. ನಾನು ಫೋನ್ ಮಾಡದೆ ಬಸ್ ಹತ್ತಿದೆ. ಅವಳ ಮುಖ ನೋಡಬೇಕಿತ್ತು. ಮಳೆ ಬರುತ್ತಿತ್ತು ಎಂದು ನೆನಪು. ಇಂಥ ದಿನಗಳಿಗೆಲ್ಲ ನೆನಪು ಮಳೆ ತರಿಸುತ್ತದೆ, ನಂಬಬೇಡಿ.

ಅವಳು ಹಿಗ್ಗಲಿಲ್ಲ. ಮುಂದಕ್ಕೆ ಬಾಗಿ ಪ್ರಶ್ನೆ ಕೇಳತೊಡಗಿದಳು. ಕೂಗಿದವರು ಯಾರು? ಆಫೀಸಿನ ಮುಂದೆ ಕೂತರೇ? ಇಲ್ಲ, ಮನೆಯಲ್ಲೇ ಕೂತು ಬರೆದರು ಎಂದೆ. ತಪ್ಪಾಯಿತು ಎಂದಿತೇ ಕಂಪನಿ? ನೀವು ಹೇಳಿದ್ದು ಕೇಳಿಸಿತು ಎಂದಿತು, ಎಂದೆ.

ಡಿಸ್ಕನ್ನು ಬೆರಳಿನಿಂದ ತೆಗೆದು ಕೆಳಗಿಟ್ಟಳು.

"ಊರು ಬಿಡಿಸುವಾಗ ನಾವೂ ಕೂಗಿದ್ವು ತಮಾ, ಸಮುದ್ರದ ಬದಿಗೆ ನಿಂತ್ಕಂಡು. ಇವರು ಎಂತ ಹೇಳಿ ಕೂಗಿದ್ರು? ಸಮಾ ನೆನಪು ಮಾಡಿ ಹೇಳು."

ದನಿಯಲ್ಲಿ ಕಹಿಯಿರಲಿಲ್ಲ. ಆಟದ ಕೊನೆ ಕೇಳುವಾಗಿನ ಅದೇ ಕುತೂಹಲ. ಬೇಡ ಅಂದರು, ಅಷ್ಟೇ, ಎಂದೆ.

"ನಾವೂ ಅದೇ ಅಂದದ್ದು" ಎಂದಳು. ಹೊಸ ಡಿಸ್ಕುಗಳಿಗೆ ಆರ್ಡರ್ ಹಾಕೆಂದು ತನ್ನ ಫೋನನ್ನು ನನ್ನ ಕೈಗಿತ್ತಳು.

ಅಂಗಡಿ ಮತ್ತೆ ಕೆಲವು ವರ್ಷ ನಡೆಯಿತು. ಮಾವಶಿ ತೀರಿಕೊಂಡ ಸುದ್ದಿ ತಂದವನು ಅದೇ ಕಂಡಕ್ಟರ್. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಮೊನ್ನೆ ಹೊಸ ಯಂತ್ರ ಕೊಂಡೆ. ಆಟಗಳು ಇಂಟರ್ನೆಟ್ಟಿನಿಂದಲೇ ಇಳಿಯುತ್ತವೆ, ನನ್ನ ಹೆಸರಿಗೇ ಅಂಟಿಕೊಂಡು; ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ನಮ್ಮಲ್ಲಿ ಯಾರೂ ಕೂಗಲಿಲ್ಲ, ನಾನೂ. ಪೆಟ್ಟಿಗೆ ಬಿಚ್ಚಿ ಯಂತ್ರದ ನಾಲ್ಕೂ ಬದಿಗೆ ಬೆರಳಾಡಿಸಿದೆ. ಡಿಸ್ಕ್ ಹಾಕುವ ಸೀಳು ಎಲ್ಲೂ ಇರಲಿಲ್ಲ.

ಕಡೆಗೆ ಹೀಗಾಯ್ತು, ಮಾವಶಿ. ಇದು ಕಟ್ಟಿ ಹೇಳಿದ್ದಲ್ಲ.