ವಂಶವೃಕ್ಷದಲ್ಲಿ ಎರಡು ಸಲ ಬಂದ ಆಯಿ

ತಂದೆ, ತಾಯಿ, ಮಗುವಿನ ರಕ್ತದ ವರದಿ ಇಟ್ಟುಕೊಂಡು, ಒಂದೇ ವಂಶವಾಹಿ ತಂದೆಯಿಂದ ಬಂದರೂ ತಾಯಿಯಿಂದ ಬಂದರೂ ಪರಿಣಾಮ ಒಂದೆಯೋ ಬೇರೆಯೋ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಸಂಖ್ಯಾಶಾಸ್ತ್ರ ಓದಿದ್ದಕ್ಕೆ ಸಂಬಳ ಕೊಡುತ್ತಾರೆ. ಯಂಕಂಚಿಯ ನಮ್ಮ ಆಯಿ, ಅಂದರೆ ಅವ್ವನ ಅವ್ವ, ಇದೇ ಕೆಲಸವನ್ನು ಕಟ್ಟೆಯ ಮೇಲೆ ಕೂತು ಪುಕ್ಕಟೆ ಮಾಡುತ್ತಿದ್ದಳು. ಮೊಮ್ಮಗ ಜಾಣನಾದರೆ ತಂದೆಯ ಕಡೆಯದು, ಮೂಗು ಚಪ್ಪಟೆಯಾದರೆ ತಾಯಿಯ ಕಡೆಯದು. ನಮಗೆ ಎಷ್ಟು ಮನೆಗಳ ರಕ್ತ ತಂದರೂ ಅನುಮಾನ ಹೋಗುವುದಿಲ್ಲ. ಅವಳಿಗೆ ಅನುಮಾನ ಬಂದದ್ದೇ ಇಲ್ಲ.

ನನ್ನ ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರು. ಹೀಗಾಗಿ ಆಯಿಯೇ ಅವಳಿಗೆ ಅತ್ತೆ. ಅಕ್ಕನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಇದು ಸೊಸೆಯ ಕಡೆಯಿಂದ ಬಂದದ್ದು ಎಂದು ಆಯಿ ತೀರ್ಪು ಕೊಟ್ಟಳು. ಅಕ್ಕನನ್ನು ತವರಿಗೆ ಕಳಿಸಿ ಮಾವನಿಗೆ ಇನ್ನೊಂದು ಮದುವೆ ಮಾಡುವ ಮಾತೂ ಎದ್ದಿತು. ಅದಕ್ಕೆ ಆಯಿ ಗೊತ್ತು ಮಾಡಿದ ಹೆಣ್ಣು ನಾನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಅಕ್ಕನ ರಕ್ತ ಕೆಟ್ಟದ್ದು, ನನ್ನದು ಒಳ್ಳೆಯದಂತೆ. ಮಾವ ಮಾತ್ರ ತನ್ನ ಅವ್ವನ ಮಾತು ಕೇಳಿಸಿಕೊಂಡು ಎದ್ದು ಹೊಲಕ್ಕೆ ಹೋದ.

ನಾನು ಜಗಳ ತೆಗೆದಾಗ ಆಯಿಯೇ ಸವಾಲು ಹಾಕಿದಳು.

“ನಿನ್ನ ಕಂಪ್ಯೂಟರಿಗೂ ಕೇಳವಾ. ಬೇಕಾರ ನನ್ನ ರಕ್ತಾನೂ ತಗೋ, ಚೊಕ್ಕ ಐತಿ.”

ಅಜ್ಜನನ್ನೂ ಬಿಡದೆ ಮನೆಮಂದಿಯದೆಲ್ಲ ತೆಗೆಸಿದೆ, ನನ್ನದನ್ನೂ ಕೊಟ್ಟೆ. ವಂಶವೃಕ್ಷ ತುಂಬುವಾಗ ಮಗುವಿನ ತಂದೆಯ ತಾಯಿ ಎಂದು ಆಯಿಯನ್ನು ಬರೆದೆ. ತಾಯಿಯ ತಾಯಿಯ ತಾಯಿ ಎಂಬಲ್ಲಿ ಮತ್ತೆ ಅವಳನ್ನೇ ಬರೆದೆ. ಒಬ್ಬರೇ ಎರಡು ಸಲ ಬಂದಿದ್ದಾರೆ ಎಂದು ಕಂಪ್ಯೂಟರು ತಕರಾರು ತೆಗೆಯಿತು. ನಾವು ಬಳಸುವ ವಿಧಾನಕ್ಕೆ ಗಂಡ ಹೆಂಡತಿ ರಕ್ತಸಂಬಂಧಿಗಳಾಗಿರಬಾರದೆಂಬ ಷರತ್ತಿದೆ. ಆ ಷರತ್ತು ಹಾಕಿದರೆ ನಮ್ಮ ಸಿಂದಗಿ ಕಡೆ ಎಷ್ಟೋ ಮದುವೆಗಳೇ ಆಗುವುದಿಲ್ಲ.

ಲೆಕ್ಕ ಬದಿಗಿಟ್ಟು ವರದಿಯನ್ನೇ ಓದಿದೆ. ಕಿವುಡುತನದ ದೋಷ ಮಗುವಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿತ್ತು. ಎರಡೂ ಕೂಡಿದ್ದಕ್ಕೇ ಕಿವಿ ಕೇಳುತ್ತಿರಲಿಲ್ಲ. ಮಾವನಿಗೆ ಅದನ್ನು ಕೊಟ್ಟವಳು ಆಯಿ. ಅಕ್ಕನಿಗೆ ಕೊಟ್ಟವಳು ಅವ್ವ, ಅವ್ವನಿಗೆ ಕೊಟ್ಟವಳೂ ಆಯಿ. ಅಜ್ಜನಲ್ಲಿ ಅದು ಇರಲೇ ಇಲ್ಲ. ನನ್ನಲ್ಲಿತ್ತು.

ಪಡಸಾಲೆಯಲ್ಲಿ ಎಲ್ಲರ ಮುಂದೆ ಇದನ್ನು ಬಿಡಿಸಿ ಹೇಳಿದೆ. ಆಯಿ ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟಳು. ಆಮೇಲೆ, ಹಾಗಾದರೆ ಅದು ತನ್ನ ಅವ್ವನ ಕಡೆಯಿಂದ ಬಂದಿರಬೇಕು ಎಂದಳು.

ಅಷ್ಟು ದಿನ ತಲೆ ಎತ್ತದಿದ್ದ ಅಕ್ಕ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಡುಗೆಮನೆಯಿಂದಲೇ ಕೇಳಿದಳು:

“ಆಯಿ, ಹಾಂಗಾರ ಈಗ ನಿನ್ನ ಯಾವ ತವರಿಗೆ ಕಳಸೂಣು?”