ಹಳೇ ಫೈಲಿಗೆ ಇಟ್ಟ ಹೊಸ ಹೆಸರು

ಬಸವರಾಜ, ಆ ಫೈಲಿನ ಹೆಸರು ಬದಲಿಸಿದವನು ನಾನು. ನಿನ್ನ ಕೆಲಸ ಹೋದದ್ದು ನನ್ನಿಂದ. ಈ ಎರಡು ಸಾಲು ಬರೆಯಲು ಇಪ್ಪತ್ತು ವರ್ಷ ಹಿಡಿಯಿತು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಮೂರು ಸಲ ಮೆಟ್ಟಿಲು ಹತ್ತಿ ವಾಪಸು ಹೋಗಿ ನೋಡುವ ಮನುಷ್ಯ ನಾನು — ಇದೊಂದನ್ನು ಮಾತ್ರ ವಾಪಸು ಹೋಗಿ ನೋಡಲಿಲ್ಲ.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಸೀರೆ ಅಂಗಡಿಯ ಮೇಲಿದ್ದ ನಮ್ಮ ಆಫೀಸು ನಿನಗೆ ನೆನಪಿರಲೇಬೇಕು. ಒಂದು ಕ್ಲಿನಿಕ್ಕಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ರೋಗಿಗಳ ನೋಂದಣಿ ನನ್ನದು, ಲ್ಯಾಬ್ ರಿಪೋರ್ಟ್ ನಿನ್ನದು. ಬೇರೆ ಯಾರೋ ಬರೆದಿಟ್ಟ ಒಂದೇ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಒಂದು ಫೈಲನ್ನು, ಇಬ್ಬರೂ ಬಳಸುತ್ತಿದ್ದೆವು. ನನ್ನ ಭಾಗ ಅದರ ಹಳೇ ವರ್ಷನ್ ಇದ್ದರೆ ಮಾತ್ರ ಓಡುತ್ತಿತ್ತು, ನಿನ್ನದು ಹೊಸದಿದ್ದರೆ ಮಾತ್ರ. ಎರಡನ್ನೂ ಒಟ್ಟಿಗೆ ಇಡುವಂತಿರಲಿಲ್ಲ. ನಮ್ಮ ಟೀಮ್ ಲೀಡ್ ಶೇಷಾದ್ರಿ ಸಾರ್ ಹೊಸದೇ ಇರಲಿ ಎಂದರು. ಅಂದರೆ ನಾನು ನನ್ನ ಕೋಡ್ ತಿದ್ದಬೇಕು. ಎರಡು ದಿನದ ಕೆಲಸ. ಒಂದು ಕಡೆ ಮುಟ್ಟಿದರೆ ಇನ್ನೆಲ್ಲಿ ಮುರಿಯುತ್ತದೋ ಎಂದು ನನಗೆ — ಭಯ. ಅದಕ್ಕಿಂತ ದೊಡ್ಡ ಹೆಸರು ಕೊಡಲಾರೆ.

ಕ್ಲಿನಿಕ್ಕಿಗೆ ಕೊಡುವ ಮುನ್ನ ಸಾರ್ ಫೈಲುಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ಟಿಕ್ ಹಾಕುತ್ತಿದ್ದರಲ್ಲ. ನೋಡುತ್ತಿದ್ದದ್ದು ಹೆಸರು ಮಾತ್ರ. ನಾನು ಹಳೇ ಫೈಲಿಗೇ ಹೊಸದರ ಹೆಸರಿಟ್ಟು, ಕ್ಲಿನಿಕ್ಕಿಗೆ ಹೋಗುವ ಬಿಲ್ಡ್ ಫೋಲ್ಡರಿಗೆ ಹಾಕಿದೆ. ಟಿಕ್ ಬಿತ್ತು. ಮುಂದಿನ ವಾರ ಸರಿಮಾಡಿದರಾಯಿತು ಎಂದುಕೊಂಡೆ —

ಕ್ಲಿನಿಕ್ಕಿನಲ್ಲಿ, ಡಾಕ್ಟರ ಮುಂದೆ, ನಿನ್ನ ರಿಪೋರ್ಟ್ ತೆರೆಯಲೇ ಇಲ್ಲ. "ನನ್ನ ಮಷೀನ್‌ನ್ಯಾಗ ಛಲೋ ನಡೀತದ್ರೀ ಸರ್," ಎಂದೆ ನೀನು. ನಡೆಯುತ್ತಿತ್ತು, ಅದರಲ್ಲಿದ್ದದ್ದು ನಿಜವಾದ ಹೊಸ ಫೈಲು. ಹಂಗಾದ್ರೆ ನಿನ್ ಮಷೀನ್ನೇ ಡಾಕ್ಟರಿಗೆ ಕೊಟ್ಬಿಡು ಗುರು ಎಂದು ಆಫೀಸೆಲ್ಲ ನಕ್ಕಿತು. ನಾನೂ ನಕ್ಕೆ. ಎರಡು ದಿನ ನೀನು ಎರಡೂ ಕಡೆಯ ಪಟ್ಟಿಗಳನ್ನು ಬೆರಳಿಟ್ಟು ಹೋಲಿಸಿದೆ. ಹೆಸರುಗಳೆಲ್ಲ ಒಂದೇ. ಕೊನೆಗೆ ನನ್ನ ಕಡೆ ತಿರುಗಿ, ಲೈಬ್ರರಿಯಲ್ಲೇ ಏನಾದರೂ ಇರಬಹುದೇ ಎಂದು ಕೇಳಿದೆ. ನಾನಂದ ಮಾತು ಇದು:

"ಅದು ಸರಿಯಾಗಿದೆ ಮಗಾ. ನಿನ್ ಕೋಡ್ ನೋಡ್ಕೋ."

ನೀನು ನಂಬಿದೆ. ಬಿಟಿಎಂ ರೂಮಿನಿಂದ ದಿನವೂ ನನಗೂ ಸೇರಿಸಿ ಶೇಂಗಾ ಚಟ್ನಿ ತರುತ್ತಿದ್ದವನು — ನಂಬದೆ ಇನ್ನೇನು ಮಾಡುತ್ತೀಯ.

ಪ್ರೊಬೇಷನ್ ಮುಗಿಯಲು ಹತ್ತು ದಿನವಿತ್ತು. ನಿನ್ನನ್ನು ಕಾಯಂ ಮಾಡಲಿಲ್ಲ. ನೀನು ಹೋದ ಮೇಲೆ ನಾನು ನನ್ನ ಕೋಡ್ ತಿದ್ದಿ, ನಿಜವಾದ ಹೊಸ ಫೈಲನ್ನು ಹಾಕಿದೆ. ನಿನ್ನ ಕೋಡಿನಲ್ಲಿ ಒಂದಕ್ಷರ ಬದಲಿಸದೆ ನಿನ್ನ ರಿಪೋರ್ಟ್ ತೆರೆಯಿತು. ಬಸವರಾಜನ ತಪ್ಪನ್ನು ಸರಿಮಾಡಿದೆನೆಂದು ಸಾರ್ ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ಹೋದ ಭಾನುವಾರ ಜೆ.ಪಿ. ನಗರದಲ್ಲಿರುವ ಸಾರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಈಗ ನಿವೃತ್ತರು. ಕಾಫಿ ಕೊಟ್ಟು, "ಈಗ್ಯಾಕಪ್ಪಾ ಅದೆಲ್ಲ?" ಎಂದರು. ನಿನ್ನ ವಿಳಾಸ ಅವರಲ್ಲೂ ಇಲ್ಲ. ಅದಕ್ಕೇ ಇಲ್ಲಿ, ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಆ ಎರಡು ದಿನ ನೀನು ನಿನ್ನ ಸಾಲುಗಳಲ್ಲಿ ಹುಡುಕಿದ ತಪ್ಪು ಅಲ್ಲಿರಲಿಲ್ಲ, ಬಸವರಾಜ. ಅದು ಪಕ್ಕದ ಕುರ್ಚಿಯಲ್ಲಿ ಕೂತು ನಿನ್ನ ಚಟ್ನಿ ತಿನ್ನುತ್ತಿತ್ತು.